ಮೊಳೆ ಮಾವನ ಇನ್ನೊಂದು ಗೋಡೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾಲರಿಯ ಬಿಳಿ ಗೋಡೆಗೆ ಏಣಿ ಆನಿಸಿ ನಿಂತವರ ಬಾಯಲ್ಲಿ ಮೊಳೆಗಳಿವೆ. ಮಾತಾಡಿಸಿದರೆ 'ಹ್ಞೂಂ', 'ಉಹೂಂ' ಬಿಟ್ಟು ಇನ್ನೇನೂ ಹೊರಡದು. ಚಿತ್ರ ತೂಗುಹಾಕುತ್ತಾರೆ, ಕೆಳಗಿಳಿದು ಹಿಂದಕ್ಕೆ ನಡೆದು ತಲೆ ವಾಲಿಸಿ ನೋಡುತ್ತಾರೆ, ಮತ್ತೆ ಹತ್ತಿ ಒಂದು ಕೂದಲೆಳೆಯಷ್ಟು ಎಡಕ್ಕೆ ಸರಿಸುತ್ತಾರೆ. ಸಂಜೆ ಕಲಾವಿದರಿಗೆ ಚಪ್ಪಾಳೆ ಬೀಳುವಾಗ ಇವರು ಹಿಂದಿನ ಕೋಣೆಯಲ್ಲಿ ಏಣಿ ಮಡಚುತ್ತಿರುತ್ತಾರೆ. ಕಲಾವಿದರೆಲ್ಲರಿಗೂ ಇವರು 'ಮೊಳೆ ಮಾವ'.

ಇದು ಹೊಟ್ಟೆಪಾಡು. ನಾನು ಹುಡುಕಿಕೊಂಡು ಬಂದದ್ದು ಇವರ ಇನ್ನೊಂದು ಕೆಲಸವನ್ನು. ಸ್ವಂತ ವೆಬ್‌ಸೈಟ್ ಬೇಕು, ಯಾವ ದಾರಿ ಹಿಡಿಯುವುದೋ ತಿಳಿಯದು ಎಂದು ತಲೆ ಕೆಡಿಸಿಕೊಂಡ ಕಲಾವಿದರು ನೇರ ಇವರ ಬಳಿಗೆ ಬರುತ್ತಾರೆ. ಏಣಿಯ ಕೆಳಗಿನ ಮೆಟ್ಟಿಲೇ ಕಚೇರಿ.

"ಪ್ರದರ್ಶನ ಮುಗಿದ ಮೇಲೆ ಎಲ್ಲಾ ನಾನೇ ಇಳಿಸಬೇಕಲ್ಲ. ಯಾರೂ ಇಳಿಸದೇ ಇರೋ ಗೋಡೆ ಒಂದಿರಲಿ ಅನ್ನಿಸ್ತು" ಎನ್ನುತ್ತಾರೆ. ಮಗಳ ಹಳೆಯ ಲ್ಯಾಪ್‌ಟಾಪ್ ಹಿಡಿದು ವೆಬ್‌ಸೈಟ್ ಮಾಡುವುದನ್ನು ಕಲಿಯಲು ಕೂತದ್ದು ಹಾಗೆ.

ಮೊದಲ ಸೈಟು ಮಾಡಿದ್ದು ಗೆಳೆಯನೊಬ್ಬನಿಗೆ. ಅಭ್ಯಾಸಬಲ ನೋಡಿ, ಮೇಲ್ಗಡೆ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟರು: 'ದಯವಿಟ್ಟು ಚಿತ್ರಗಳನ್ನು ಮುಟ್ಟಬೇಡಿ'. ಫೋನಿನಲ್ಲಿ ಮುಟ್ಟಿದರೆ ತಾನೆ ಚಿತ್ರ ದೊಡ್ಡದಾಗುವುದು! ಬಂದವರೆಲ್ಲ ಬಹಳ ಮರ್ಯಾದೆಯಿಂದ ದೂರದಲ್ಲೇ ನೋಡಿಕೊಂಡು ಹೋದರು. "ಜನಕ್ಕೆ ಕಲೆ ಅಂದ್ರೆ ಏನೂಂತ ಗೊತ್ತಿಲ್ಲ ಅಂತ ನಾನು ಬೈತಾ ಕೂತಿದ್ದೆ. ಮಗಳು ನೋಡಿ ಬಿದ್ದೂ ಬಿದ್ದೂ ನಕ್ಕಳು."

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಮಾವನ ಹೆಂಡತಿಯ ದೂರು ಬೇರೆ. "ಊರ ಗೋಡೆಗೆಲ್ಲ ಮೊಳೆ ಹೊಡೀತಾರೆ. ನಮ್ಮನೆ ಗಡಿಯಾರ ಮಾತ್ರ ಇನ್ನೂ ಕುರ್ಚಿ ಮೇಲೇ ಕೂತಿದೆ, ಬಗ್ಗಿ ಟೈಮ್ ನೋಡ್ಬೇಕು!" ಪ್ರದರ್ಶನಗಳಿಲ್ಲದ ತಿಂಗಳುಗಳಲ್ಲಿ ಮನೆ ನಡೆಯುವುದು ಆ ಯಂತ್ರದಿಂದಲೇ.

ಇವತ್ತು ಮೆಟ್ಟಿಲ ಮೇಲೆ ಕೂತಿರುವವಳು ಹಕ್ಕಿಗಳನ್ನಷ್ಟೇ ಬರೆಯುವ ಕಲಾವಿದೆ. ಅವಳ ಸೈಟು ಮಾಡಿಕೊಟ್ಟದ್ದು ತಂಗಿಯ ಗಂಡ. ಈಗ ಅವನಿಗೂ ಇವಳಿಗೂ ಮಾತಿಲ್ಲ, ಸೈಟಿನ ಕೀಲಿಯಾದ ಪಾಸ್‌ವರ್ಡ್ ಅವನ ಬಳಿಯೇ ಉಳಿದಿದೆ. ಅಲ್ಲಿರುವುದೆಲ್ಲ ಹಳೆಯ, ನವಿರು ಗೆರೆಯ ಪುಟ್ಟ ಹಕ್ಕಿಗಳು. ಬಲಗೈ ಮಣಿಕಟ್ಟು ಕೈಕೊಟ್ಟ ಮೇಲೆ ಅವಳು ಎಡಗೈಯಲ್ಲಿ ದೊಡ್ಡ ದೊಡ್ಡ ಹಕ್ಕಿ ಬರೆಯುತ್ತಾಳೆ. ಮಕ್ಕಳ ಆಸ್ಪತ್ರೆಯೊಂದರ ಗೋಡೆಗೆ ಚಿತ್ರ ಬರೆಯುವವರನ್ನು ಈ ವಾರ ಆರಿಸುತ್ತಾರೆ, ಸೈಟು ನೋಡಿಯೇ ಆರಿಸುತ್ತಾರೆ. ಹಳೆಯದನ್ನು ಕಂಡು ಅಂಥದ್ದೇ ಬೇಕೆಂದರೆ ಅವಳು ಇಲ್ಲವೆನ್ನಬೇಕಾಗುತ್ತದೆ.

"ಯಾವುದು ಚೆಂದ ಮಾವ? ದುಡ್ಡು ಕೊಟ್ಟು ಹೊಸ ಸೈಟು ಮಾಡಿಸೋದಾ, ದೊಡ್ಡ ಮಾರಾಟದ ಸೈಟಲ್ಲಿ ಒಂದು ಮೂಲೆ ಹಿಡಿಯೋದಾ, ಟೆಂಪ್ಲೇಟ್ ಅಂತಾರಲ್ಲ, ಆ ಸಿದ್ಧ ಅಚ್ಚಲ್ಲಿ ನಾನೇ ಚಿತ್ರ ಹಾಕ್ಕೊಳ್ಳೋದಾ?"

"ಚೆಂದ ಆಮೇಲೆ ನೋಡೋಣಮ್ಮ. ನಾಳೆ ಬೆಳಗ್ಗೆ ಒಂದು ಚಿತ್ರ ಬದಲಾಯಿಸಬೇಕು ಅಂದ್ರೆ ಯಾರಿಗೆ ಫೋನ್ ಮಾಡ್ತೀಯಾ? ಯಾರಿಗೂ ಬೇಡ ಅನ್ನೋ ದಾರಿ ಹಿಡಿ."

ಅವಳು ಸಿದ್ಧ ಅಚ್ಚನ್ನೇ ಆರಿಸುತ್ತಾಳೆ. ಇಬ್ಬರೂ ಸೇರಿ ಹೊಸ ಸೈಟಿನಲ್ಲಿ ಹಳೆಯ ಹಕ್ಕಿಗಳನ್ನು ಹಿಂದಿನ ಪುಟದಲ್ಲಿಟ್ಟು, ಎಡಗೈಯ ಹಕ್ಕಿಗಳಲ್ಲಿ ಶಾಂತವಾದೊಂದು ಬೂದು ಹಕ್ಕಿಯನ್ನು ಮುಂದಿಡುತ್ತಾರೆ. ಅದು ಮಾವನ ಆಯ್ಕೆ. ಆಸ್ಪತ್ರೆಗೆ ಕಳಿಸುವುದು ಇನ್ನು ಈ ಸೈಟಿನ ವಿಳಾಸವನ್ನೇ. ಪಾಸ್‌ವರ್ಡ್ ಇಡುವಾಗ ಅವಳ ಧೈರ್ಯ ಕೈಬಿಡುತ್ತದೆ. "ನೀವೇ ಇಟ್ಕೊಳ್ಳಿ ಮಾವ, ನಂಗಿದು ತಲೆಗೆ ಹತ್ತಲ್ಲ."

"ಒಬ್ಬನ ಕೈಯಿಂದ ಜುಟ್ಟು ಬಿಡಿಸ್ಕೊಂಡು ಬಂದು ಇನ್ನೊಬ್ಬನ ಕೈಗೆ ಕೊಡ್ತೀಯಾ?" ಎಂದು ಗದರುತ್ತಾರೆ. ಅವಳು ಟೈಪು ಮಾಡಿ ಮುಗಿಸುವವರೆಗೆ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಾರೆ. ನನಗೆ ಆ ಬೆನ್ನಿನ ಮೇಲೆ ಬಹಳ ಪ್ರೀತಿ ಬರುತ್ತದೆ.

ವಾರದ ಕೊನೆಗೆ ನಾನು ಮತ್ತೆ ಹೋದಾಗ ಅವಳ ಫೋನು ಬರುತ್ತದೆ. ಆಸ್ಪತ್ರೆಯವರು ಗೋಡೆ ಅಳೆಯಲು ಕರೆದಿದ್ದಾರಂತೆ. ಮೊದಲ ಪುಟದ ಹಕ್ಕಿಯೇ ಬೇಕಂತೆ. ಮಾವ ಹಿಗ್ಗಿ, ನನಗೆ ತೋರಿಸಲೆಂದು ಸೈಟು ತೆರೆಯುತ್ತಾರೆ. ಬೂದು ಹಕ್ಕಿ ಅಲ್ಲಿಲ್ಲ! ರೆಕ್ಕೆ ವಕ್ರವಾದ, ಪುಟ ಮೀರಿ ಹಾರುವ ಭಾರೀ ನೀಲಿ ಹಕ್ಕಿಯೊಂದು ಆ ಜಾಗದಲ್ಲಿದೆ.

ಹುಬ್ಬು ಗಂಟಿಕ್ಕಿ, ತಲೆ ವಾಲಿಸಿ ನೋಡುತ್ತಾರೆ. "ನಾನಾಗಿದ್ರೆ ಇದನ್ನ ಮೊದಲು ಹಾಕ್ತಿರ್ಲಿಲ್ಲ."

ಆಮೇಲೆ ಮುಖವೆಲ್ಲ ಅರಳುತ್ತದೆ. "ನನ್ನನ್ನ ಒಂದು ಮಾತೂ ಕೇಳಲಿಲ್ಲ ನೋಡಿ!"