ಪರಾಸ್ಕಾ ಬರೆದುಕೊಟ್ಟ ವಾಕ್ಯ

ಕೆನಡಾದ ವಿನಿಪೆಗ್‌ನ ಸಂಜೆ ತರಗತಿಯಲ್ಲಿ ಮೇಬಲ್ ಟೀಚರ್ ಹೇಳಿದರು: "ಇಂಗ್ಲಿಷಲ್ಲಿ ಮೊದ್ಲು ಕರ್ತೃ, ಆಮೇಲೆ ಕ್ರಿಯಾಪದ, ಕೊನೇಗೆ ಕರ್ಮ. ಹೊಡೆದವನ ಹೆಸರು ಮುಂದೆ, ಪೆಟ್ಟು ತಿಂದವನದು ಹಿಂದೆ."

ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಪರಾಸ್ಕಾ ಪೆನ್ಸಿಲ್ ಕೆಳಗಿಟ್ಟಳು. ಅವಳ ಉಕ್ರೇನಿ ಭಾಷೆಯಲ್ಲಿ ಹೆಸರು ಎಲ್ಲಿ ಬಂದರೂ ವಿಭಕ್ತಿಯೇ ಅರ್ಥ ಕಾಯುತ್ತದೆ.

"ಟೀಚರಮ್ಮಾ, ನಮ್ಮ ಕಾರ್ಖಾನೆ ಜಗಳದ ಬಗ್ಗೆ ಪೊಲೀಸರಿಗೆ ಇಂಗ್ಲಿಷಲ್ಲಿ ಬರ್ಕೊಟ್ಟಾಗ, ನಮ್ಮ ಭಾಷೆ ಥರಾನೇ ಅಂದ್ಕೊಂಡು ನಾನು ಗಂಡನ ಹೆಸರು ಮುಂದೆ ಹಾಕಿದೆ. ಮೇಸ್ತ್ರಿದು ಹಿಂದೆ."

"ಹೊಡೆದಿದ್ದು ಯಾರಮ್ಮ?"

"ಮೇಸ್ತ್ರಿ! ನಮ್ಮ ಒಸ್ತಾಪ್ ಕೈ ಎತ್ತಲೇ ಇಲ್ಲ. ಅವನನ್ಯಾಕೆ ಒಳಗೆ ಹಾಕಿದ್ರು ಅಂತ ಮೂರು ದಿನದಿಂದ ಅಳ್ತಿದೀನಿ. ಅಯ್ಯೋ, ನನ್ ಕೈಯಾರೆ ನಾನೇ..."

ಟೀಚರ್ ಕೋಟು ತೊಟ್ಟರು. "ಏಳು, ಈಗ್ಲೇ ಹೋಗೋಣ."

ಠಾಣೆಯಲ್ಲಿ ಪರಾಸ್ಕಾ ಮೇಸ್ತ್ರಿಯ ಹೆಸರು ಮುಂದೆ ಹಾಕಿ ವಾಕ್ಯ ತಿದ್ದಿದಳು. ಮರುದಿನ ಒಸ್ತಾಪ್ ಬಿಡುಗಡೆಯಾಗಿ ಬಂದ. ನಡೆದದ್ದನ್ನು ಅವನಿಗೆ ಹೇಳಲು ಅವಳಿಗೆ ವಾರ ಹಿಡಿಯಿತು.