ಟೇಪಕ್ಕನ ಅಳತೆ

ಟೇಪಕ್ಕನ ನಿಜವಾದ ಹೆಸರು ಅವಳ ಗಂಡನಿಗೂ ಥಟ್ಟನೆ ನೆನಪಾಗುವುದಿಲ್ಲ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಊರಿಗೆಲ್ಲ ಅವಳು ಟೇಪಕ್ಕ. ವಯಸ್ಸು ಐವತ್ನಾಲ್ಕು, ಮೈ ಧಾರಾಳ. ತನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಅವಳು ನಿಂತರೆ ಗಿರಾಕಿ ಬೀದಿಯಲ್ಲೇ ಕಾಯಬೇಕು. ಹಾಗೆಂದು ಹೇಳಿ ಮೊದಲು ನಗುವವಳೂ ಅವಳೇ.

ದಪ್ಪಗಿನ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದವರೆಲ್ಲ ದನಿ ತಗ್ಗಿಸಿ ಹೇಳುವುದು ಒಂದೇ ಮಾತು: "ದಪ್ಪ ಕಾಣದ ಹಾಗೆ ಹೊಲ್ಕೊಡಿ ಅಕ್ಕ." ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಂಗಸಂತೂ ಟೇಪು ಸೊಂಟಕ್ಕೆ ಬಂದಾಗೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದಳು. ಟೇಪಕ್ಕ ಸುಮ್ಮನೆ ಎರಡಿಂಚು ಸೇರಿಸಿ ಬರೆದುಕೊಳ್ಳುತ್ತಿದ್ದಳು.

ಪಕ್ಕದ ಬೀದಿಯ ನಾಟಕ ತಂಡಕ್ಕೂ ಉಡುಪು ಅವಳದೇ. ತಾಲೀಮಿನ ಕೋಣೆಯ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತ ಹಚ್ಚುತ್ತ ಎಲ್ಲರ ಮಾತೂ ಅವಳಿಗೆ ಬಾಯಿಪಾಠವಾಗುತ್ತಿತ್ತು. ಈ ಸಲದ ನಾಟಕ ಮೂವತ್ತು ವರ್ಷ ಸಂಸಾರ ಮಾಡಿದ ಗಂಡಹೆಂಡಿರದು. ಅದರಲ್ಲಿ ಹೆಂಡತಿ ಗಂಡನಿಗೆ ಹೇಳುವ ಒಂದು ಮಾತಿತ್ತು: "ಪೇಪರ್ ಕೆಳಗಿಡಿ. ನನ್ನ ನೋಡಿ. ನಂಗಿನ್ನೂ ನೀವು ಬೇಕು." ಆ ಮಾತು ಕೇಳಿದಾಗೆಲ್ಲ ಟೇಪಕ್ಕನ ಸೂಜಿ ನಿಲ್ಲುತ್ತಿತ್ತು.

ಹೆಂಡತಿಯ ಪಾತ್ರ ಔಷಧಿ ಅಂಗಡಿಯ ಹುಡುಗಿಗೆ ಸಿಕ್ಕಿತ್ತು. ಅವಳು ಕಡ್ಡಿಯಂತಿದ್ದಳು. "ಒಳಗೆ ಹತ್ತಿ ತುಂಬಿ ಒಂದು ಮೈ ಮಾಡಿಕೊಡಿ," ಎಂದರು ನಾಟಕದ ಮೇಷ್ಟ್ರು. ಯಾರದೋ ಅಳತೆ ಹುಡುಕುವುದೇಕೆಂದು ಟೇಪಕ್ಕ ತನ್ನ ಮೈಗೇ ಟೇಪು ಹಿಡಿದು, ಎದೆ, ಹೊಟ್ಟೆ, ಸೊಂಟ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೊಲಿದಳು. ಅಲ್ಲೇ ಅವಳು ಎಡವಿದ್ದು.

ಹುಡುಗಿ ಅದನ್ನು ತೊಟ್ಟು ಅತ್ತಿಂದಿತ್ತ ವಾಲಾಡುತ್ತ ನಡೆದಳು. ಗಂಡನ ಪಾತ್ರಧಾರಿಯ ಕೊರಳಿಗೆ ಜೋತುಬಿದ್ದು ಆ ಮಾತು ಹೇಳಿದಳು. ತಂಡವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದ ಟೇಪಕ್ಕನಿಗೆ ಮಾತ್ರ ನಗು ಬರಲಿಲ್ಲ. ಅವರೆಲ್ಲ ನಗುತ್ತಿದ್ದುದು ಅವಳ ಮೈಗೆ. ಅವಳಿಗೆ ಅವಮಾನವಾಯಿತು, ಆಮೇಲೆ ಸಿಟ್ಟು ಬಂತು. ಒಂದೊಂದೇ ಸೂಜಿ ತೆಗೆದು ಡಬ್ಬಿಗೆ ಹಾಕಿದಳು.

"ಮೇಷ್ಟ್ರೇ, ಈ ಅಳತೆ ನಂದು. ಹತ್ತಿ ಯಾಕೆ ಬೇಕು? ನಾನೇ ಇದೀನಲ್ಲ."

ಅವಳು ನಿಂತಲ್ಲೇ ಮೊದಲ ದೃಶ್ಯವನ್ನು ತಡವರಿಸದೆ ಹೇಳಿ ಮುಗಿಸಿದಳು. ಹುಡುಗಿ ಬೆವರೊರೆಸಿಕೊಳ್ಳುತ್ತ ಹತ್ತಿಯ ಮೈ ಬಿಚ್ಚಿ ಕೆಳಗಿಟ್ಟಳು. "ಅಕ್ಕನೇ ಮಾಡ್ಲಿ ಸರ್. ನನ್ನ ಕೈಲಿ ಇದು ತಮಾಷೆ ಆಗ್ತಿದೆ," ಎಂದಳು.

ಮೇಷ್ಟ್ರು ತಲೆ ಕೆರೆದುಕೊಂಡರು. "ಆಯ್ತು ಟೇಪಕ್ಕ. ಆದ್ರೆ ಆ 'ನೀವು ಬೇಕು' ಅನ್ನೋದನ್ನ ತೆಗೆದುಬಿಡೋಣ. ನಿಮ್ಮ ಬಾಯಲ್ಲಿ ಕೇಳಿದ್ರೆ ಜನ ನಗ್ತಾರೆ."

"ಆ ಮಾತಿಲ್ಲ ಅಂದ್ರೆ ನಿಮ್ಮ ನಾಟಕಕ್ಕೆ ಒಂದು ಗುಂಡಿನೂ ಇಲ್ಲ," ಎಂದಳು ಟೇಪಕ್ಕ. ಮೇಷ್ಟ್ರು ಬೆಪ್ಪಾಗಿ ಒಪ್ಪಿಕೊಂಡರು.

ಮನೆಗೆ ಬಂದ ಮೇಲೆ ಅವಳಿಗೆ ಭಯ ಶುರುವಾಯಿತು. ಗಂಡ ಗಡಿಯಾರ ರಿಪೇರಿ ಮಾಡುವವನು, ಮಾತಿನಲ್ಲಿ ಮಹಾ ಜಿಪುಣ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ.

"ರೀ, ಆ ಮಾತಿಗೆ ಜನ ನಕ್ಕರೆ ಏನ್ಮಾಡ್ಲಿ?"

"ಎಣಿಸು," ಎಂದ ಅವನು, ತಲೆಯೆತ್ತದೆ. "ಮನುಷ್ಯರು ಸುಮ್‌ಸುಮ್ನೆ ಹತ್ತು ಸೆಕೆಂಡ್ ಮೇಲೆ ನಗಲ್ಲ ಕಣೇ."

ನಾಟಕದ ದಿನ ಸಂಜೆ ಸಭಾಂಗಣ ತುಂಬಿತ್ತು. ಟೇಪಕ್ಕ ತಾನೇ ಹೊಲಿದ ನೀಲಿ ಅಂಗಿ ತೊಟ್ಟಿದ್ದಳು. ಅದರಲ್ಲಿ ಬಚ್ಚಿಡುವ ಒಂದು ನೆರಿಗೆಯೂ ಇರಲಿಲ್ಲ. ಆ ಗಳಿಗೆ ಬಂತು. "ಪೇಪರ್ ಕೆಳಗಿಡಿ," ಎಂದಳು. "ನನ್ನ ನೋಡಿ."

ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಬಂತು. ಅದು ಮುಂದಿನ ಸಾಲುಗಳಿಗೂ ಹಬ್ಬಿತು. ಪಕ್ಕದ ಪರದೆಯ ಮರೆಯಲ್ಲಿ ಮೇಷ್ಟ್ರು ಹಣೆ ಹಣೆ ಚಚ್ಚಿಕೊಂಡರು. ಟೇಪಕ್ಕ ಅಲುಗಾಡಲಿಲ್ಲ, ಹೊಟ್ಟೆಯ ಮೇಲೆ ಕೈ ಅಡ್ಡ ಹಿಡಿಯಲೂ ಇಲ್ಲ. ಮನಸ್ಸಿನಲ್ಲೇ ಎಣಿಸಿದಳು. ಆರಕ್ಕೆ ನಗು ಸಣ್ಣಗಾಯಿತು. ಒಂಬತ್ತಕ್ಕೆ ಯಾರೋ ಕೆಮ್ಮಿ ಸುಮ್ಮನಾದರು. ಹತ್ತು.

"ನಂಗಿನ್ನೂ ನೀವು ಬೇಕು."

ಸಾವಿರ ಸಲ ಕೇಳಿದ್ದ ಮಾತು ಅವಳದೇ ಮನೆಯ ಮಾತಿನಂತೆ ಹೊರಬಂತು. ಯಾರೂ ನಗಲಿಲ್ಲ. ಮೂರನೆಯ ಸಾಲಿನಲ್ಲಿ ಗಡಿಯಾರದವನು ಕನ್ನಡಕ ತೆಗೆದು ಒರೆಸುತ್ತಿದ್ದುದು ಅವಳಿಗೆ ಕಂಡಿತು. ಅವಳಿಗೆ ತನ್ನ ಬಗ್ಗೆಯೇ ಹೆಮ್ಮೆಯೆನಿಸಿತು.

ಆಟ ಮುಗಿದು ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಅಂಚೆ ಕಚೇರಿಯ ಹೆಂಗಸು ಬಾಗಿಲಲ್ಲಿ ಬಂದು ನಿಂತಳು. ಅತ್ತ ಗುರುತು ಮುಖದ ಮೇಲೆ ಇನ್ನೂ ಇತ್ತು.

"ಅಕ್ಕ, ನಂಗೂ ಆ ನೀಲಿ ಅಂಗಿ ಥರದ್ದೇ ಒಂದು ಬೇಕು."

"ದಪ್ಪ ಕಾಣದ ಹಾಗೆ ತಾನೆ?"

"ಬೇಡ. ನಾನು ಹೆಂಗಿದೀನೋ ಹಂಗೇ ಹೊಲೀರಿ."

ಟೇಪಕ್ಕ ಕನ್ನಡಿಯ ಮೊಳೆಗೆ ನೇತುಹಾಕಿದ್ದ ಟೇಪು ತೆಗೆದುಕೊಂಡಳು. ಆ ಹೆಂಗಸು ತೋಳೆರಡನ್ನೂ ಎತ್ತಿ ಆರಾಮವಾಗಿ ಉಸಿರಾಡುತ್ತ ನಿಂತಿದ್ದಳು. ಈ ಸಲ ಟೇಪಕ್ಕ ಎರಡಿಂಚು ಸೇರಿಸಿ ಬರೆದುಕೊಳ್ಳಬೇಕಾಗಲಿಲ್ಲ.