‘ಆಗದಿದ್ರೆ?’ ಎಂದು ಕೇಳುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ, ಪಕ್ಕದ ಚಹಾ ತಣ್ಣಗಾಗಿದೆ. ಈಕೆಯ ಬಗ್ಗೆ ಬರೆಯಲು ಬಂದ ನನ್ನನ್ನು ಅಕ್ಕ ಎದುರಿಗೆ ಕೂರಿಸಿಕೊಳ್ಳುತ್ತಾರೆ. “ಎದೆ ಡವಡವ ಅಂತಿದೆ ನೋಡಿ. ಮಧ್ಯಾಹ್ನದೊಳಗೆ ತಾತ ಬೇಡ ಅಂದ್ರೆ ಮೂರು ವರ್ಷದ ಕೆಲಸ ನೀರುಪಾಲು.”

ಲಕ್ಷಾಂತರ ಮಂದಿ ಬಳಸುವ ಪ್ರೋಗ್ರಾಮಿಂಗ್ ಭಾಷೆಯೊಂದಕ್ಕೆ ಈಕೆ ಹೊಸ ನಿಯಮ ಸೂಚಿಸಿದ್ದಾರೆ, ಅದೂ ಬಿಟ್ಟಿ ದುಡಿಮೆಯಲ್ಲಿ. ಕೈಕೊಡಬಹುದಾದ ಪ್ರತಿ ಸಾಲಿನ ಕೊನೆಗೆ ‘ಆಗದಿದ್ದರೆ’ ಎಂದು ಬರೆದು, ಆಗ ಏನು ಮಾಡಬೇಕೆಂದು ಹೇಳಲೇಬೇಕು. ಹೇಳದಿದ್ದರೆ ಪ್ರೋಗ್ರಾಂ ಶುರುವೇ ಆಗದು. ಭಾಷೆ ಕಾಯುವ ಒಂಬತ್ತು ಹಿರಿಯರಲ್ಲಿ ಒಬ್ಬರು ಒಲ್ಲೆನೆಂದರೂ ಸೂಚನೆ ಶಾಶ್ವತವಾಗಿ ಬಿದ್ದುಹೋಗುತ್ತದೆ. ಎಂಟು ಮಂದಿ ಒಪ್ಪಿದ್ದಾರೆ. ಉಳಿದವರು, ಹೊಸತೆಂದರೆ ಮೂಗು ಮುರಿಯುವ, ಎಲ್ಲರೂ ತಾತ ಎನ್ನುವ ಹಿರಿಯರೊಬ್ಬರೇ.

ಅಕ್ಕ ದಿನವೂ ಭಾಷೆ ಬಳಸುವವರ ನಲವತ್ತು ಆಕ್ಷೇಪಗಳಿಗೆ ಉತ್ತರ ಬರೆದು, ಎಂಟಕ್ಕೆ ಕೆಲಸಕ್ಕೆ ಓಡುತ್ತಾರೆ. “ಇಷ್ಟು ಟೈಪ್ ಮಾಡಿದ್ರೆ ಬೆರಳು ನೋಯುತ್ತಂತೆ ಒಬ್ಬ ಮಹಾರಾಯನಿಗೆ!” ನಗು ಬಂದಷ್ಟೇ ಬೇಗ ಮಾಯ.

ಹನ್ನೊಂದು ವರ್ಷದ ಹಿಂದೆ ಲಸಿಕೆಯ ಫ್ರಿಜ್ಜಿಗೆ ಪ್ರೋಗ್ರಾಂ ಬರೆದವರು ಇವರೇ. ಫ್ರಿಜ್ ಬಿಸಿಯಾದರೆ ನರ್ಸಿಗೆ ಮೆಸೇಜ್ ಹೋಗಬೇಕು. ಮೆಸೇಜೇ ಹೋಗದಿದ್ದರೆ? ಆ ಜಾಗದಲ್ಲಿ ‘ಆಮೇಲೆ ನೋಡೋಣ’ ಎಂದು ಟಿಪ್ಪಣಿ ಹಾಕಿ ಮರೆತರು. ಒಂದು ದಿನ ಮೆಸೇಜ್ ಹೋಗಲಿಲ್ಲ. ಕೆಟ್ಟ ಲಸಿಕೆಯನ್ನೇ ಹದಿನೆಂಟು ಹಸುಗೂಸುಗಳಿಗೆ ಚುಚ್ಚಲಾಯಿತು.

“ಯಾರಿಗೂ ಏನೂ ಆಗ್ಲಿಲ್ಲ, ಪುಣ್ಯ. ಆದ್ರೆ ಒಬ್ಬ ತಾಯಿ ಬಂದು ‘ನನ್ನ ಮಗೂಗೆ ಏನೂ ಆಗಲ್ಲ ಅಲ್ವಾ?’ ಅಂತ ಕೇಳಿದ್ಲು. ಆವತ್ತಿಂದ ಯಂತ್ರ ಕೂಗಿದ್ರೆ ಹೆದರಿಕೆ ಇಲ್ಲ. ಸುಮ್ಮನಿದ್ರೇ ಜೀವ ಬಾಯಿಗೆ ಬರುತ್ತೆ.”

ಇವತ್ತು ಅಕ್ಕ ರಜೆ ಹಾಕಿದ್ದಾರೆ. ಹನ್ನೊಂದೂವರೆಗೆ ತಾತನ ಉತ್ತರ ಬರುತ್ತದೆ. ತೆರೆಯಲು ಧೈರ್ಯ ಸಾಲದೆ, ನನ್ನ ಕೈಲೇ ಓದಿಸುತ್ತಾರೆ.

“ಬೇಡ ಅನ್ನೋಕೇ ಕೂತಿದ್ದೆ ಮಗಳೇ. ಅದಕ್ಕೆ ಮೊದ್ಲು ನಿನ್ನ ನಿಯಮಾನ ನನ್ನ ಹಳೇ ಪ್ರೋಗ್ರಾಂಗಳ ಮೇಲೆ ಹಾಕಿ ನೋಡ್ದೆ. ನಲವತ್ತೊಂದು ಕಡೆ ತಡೀತು. ಅದ್ರಲ್ಲೊಂದು ಆಸ್ಪತ್ರೆ ಆಕ್ಸಿಜನ್ನಿಂದು, ಈಗ್ಲೂ ಓಡ್ತಿದೆ. ಒಪ್ಪಿದೀನಿ. ಮಾತಾಡೋಕೆ ಪುರುಸೊತ್ತಿಲ್ಲ, ಅದನ್ನ ಸರಿ ಮಾಡ್ಬೇಕು.”

ಅಬ್ಬ, ಗೆದ್ದಿರಲ್ಲಾ ಎಂದು ನಾನು ಕೈ ಚಾಚುತ್ತೇನೆ. ಅಕ್ಕನ ಮುಖ ಬಿಳಿಚಿಕೊಂಡಿದೆ.

“ಹೊಸ ನಿಯಮ ಇನ್ಮೇಲೆ ಬರೆಯೋರಿಗೆ. ಆಗ್ಲೇ ಬರೆದಿರೋ ಇಂಥ ಪ್ರೋಗ್ರಾಂ ಇನ್ನೂ ಎಲ್ಲೆಲ್ಲಿ ಉಸಿರೆತ್ತದೆ ಕೂತಿದೆಯೋ! ಒಂದೊಂದಾಗಿ ಹುಡುಕ್ತೀನಿ. ಅಷ್ಟಕ್ಕೆ ಆಯಸ್ಸು ಸಾಕಾದ್ರೆ ಸಾಕು ನಂಗೆ.”